ಸಹಾಯ ಬೇಕು: ಅಳಿವೆಯ ಸೆಳೆತದಲ್ಲಿ ಕಾಣೆ ಮೀನಿಗೆ ಯಾವ ಸೀಸ, ಯಾವ ಗಾಳ?

ಉಡುಪಿ ಜಿಲ್ಲೆಯ ಕೋಡಿಬೆಂಗ್ರೆಯಲ್ಲಿ ನದಿ ಕಡಲು ಸೇರುವ ಅಳಿವೆಯ ಮರಳು ದಂಡೆಯಲ್ಲಿ ಕಾಣೆ ಹಿಡಿಯುವವರು ದಯವಿಟ್ಟು ತಿಳಿಸಿ.

ಈಗಿನ ಸಾಮಾನು: 9 ಅಡಿ ರಾಡ್, 3000 ಸೈಜಿನ ರೀಲ್, 10 ಪೌಂಡ್ ಬ್ರೇಡ್ (ಹೆಣೆದ ಲೈನ್). ಲೈನಿನ ಮೇಲೆ ಜಾರುವ 40 ಗ್ರಾಂ ಉರುಟು ಸೀಸ (ಭಾರದ ಗುಂಡು), ಕೆಳಗೆ ಮಣಿ, ಸ್ವಿವೆಲ್ (ತಿರುಗುವ ಕೊಂಡಿ), ಅಲ್ಲಿಂದ 50 ಸೆಂ.ಮೀ. ಉದ್ದದ 0.25 ಮಿ.ಮೀ. ನೈಲಾನ್, ತುದಿಗೆ 6ನೇ ನಂಬರಿನ ಉದ್ದ ಕಾಲಿನ ಗಾಳ. ಎರೆಯಾಗಿ ಸಿಕ್ಕಿಸುವುದು ಸುಲಿದ ಸಿಗಡಿಯ ಸಣ್ಣ ತುಂಡು.

ನೀರು ನಿಂತಾಗ ತೊಂದರೆಯಿಲ್ಲ. ಇಳಿತ ಜೋರಾದ ಕೂಡಲೇ ಸೀಸ ಉರುಳಿ ದಡದ ಕಡೆ ಬರುತ್ತದೆ, ಲೈನ್ ಸಡಿಲಾಗುತ್ತದೆ, ನೈಲಾನ್ ತಿರುಚಿ ಬ್ರೇಡಿಗೆ ಸುತ್ತಿಕೊಳ್ಳುತ್ತದೆ. ಕಾಣೆ ಬಾಯಿ ಸಣ್ಣದು, ಮರಳಲ್ಲಿ ಕೆದಕಿ ತಿನ್ನುವ ಮೀನು. ಲೈನ್ ಬಿಗಿ ಇಲ್ಲದಿದ್ದರೆ ಕುಟುಕಿದ್ದು ಕೈಗೆ ಗೊತ್ತಾಗುವುದೇ ಇಲ್ಲ. ಸಿಗಡಿ ಮಾತ್ರ ಖಾಲಿ. ಏಡಿಯೂ ಕಿತ್ತು ತಿನ್ನುತ್ತದೆ, ಆದರೆ ಏಡಿ ಹಿಡಿದರೆ ನೈಲಾನ್ ಗೀರಿರುತ್ತದೆ, ಇಲ್ಲಿ ಹಾಗಿಲ್ಲ.

ಕೇಳಬೇಕಾದ್ದು ಇಷ್ಟು. ಸೀಸವನ್ನು 60 ಗ್ರಾಂಗೆ ಏರಿಸುವುದೋ, ಅಥವಾ ತೂಕ ಅಷ್ಟೇ ಇಟ್ಟು ಪಿರಮಿಡ್ ಆಕಾರದ್ದೋ ಮರಳಿಗೆ ಕಚ್ಚುವ ತಂತಿಕಾಲಿನದ್ದೋ ಹಾಕುವುದೋ? ಭಾರ ಹೆಚ್ಚಾದರೆ ರಾಡಿನ ಸೂಕ್ಷ್ಮ ಹೋಗುತ್ತದೆ ಎಂಬ ಅಳುಕಿದೆ. ನೈಲಾನನ್ನು 30 ಸೆಂ.ಮೀ.ಗೆ ಇಳಿಸಿದರೆ ಸುತ್ತು ಕಡಿಮೆಯಾದೀತೇ, ಅಥವಾ ಕೆಳಗೆ ಸೀಸ ಕಟ್ಟಿ ಮೇಲೆ ಅಡ್ಡಗಾಳ ಬಿಡುವುದೇ ಲೇಸೇ? ಗಾಳವನ್ನು ಇನ್ನೂ ಸಣ್ಣದಾದ 8ನೇ ನಂಬರಿಗೆ ಇಳಿಸಬೇಕೇ?

ಎರೆಗೆ ಮರುವಾಯಿ (ಕಪ್ಪೆಚಿಪ್ಪು) ಮಾಂಸ ಬಳಸುವವರು ಅದು ಎಸೆತದಲ್ಲಿ ಕಳಚದಂತೆ ಹೇಗೆ ಕಟ್ಟುತ್ತೀರಿ ಎಂದೂ ಹೇಳಿ. ಕಟ್ಟಿದ ಗಾಳದ ಫೋಟೋ ಹಾಕಿದರೆ ತುಂಬ ಉಪಕಾರ.