ಸೀನನ ಪುಡಿ, ಮಂಜನ ಮುದ್ದೆ

ನಮ್ಮ ಸೀನ ಈಚೆಗೆ ಊಟ ಮಾಡುವುದಿಲ್ಲ, ಲೆಕ್ಕ ಹಾಕುತ್ತಾನೆ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ 30 ಗ್ರಾಂ ನಾರು, ಅಂದ್ರೆ ಫೈಬರ್, ಬೇಕು ಅಂತ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಹೇಳಿದೆಯಲ್ಲ, ಅದನ್ನು ಹಿಡಿದುಕೊಂಡು ಡಬ್ಬಿಯಿಂದ ಯಾವುದೋ ನಾರಿನ ಪುಡಿ ತೆಗೆದು ನೀರಿಗೆ ಕಲಸಿ ಕುಡಿದ. "ನೋಡ್ರೋ, ಇನ್ನು ಮಧ್ಯಾಹ್ನದವರೆಗೂ ಹಸಿವೇ ಆಗಲ್ಲ." ಹನ್ನೊಂದು ಗಂಟೆಗೆ ಹೋಟೆಲಿನಲ್ಲಿ ಮಂಜನ ವಡೆ ಅರ್ಧ ಮಾಯ.

"ಪುಡಿ ಕೆಲಸ ಮಾಡಲಿಲ್ವಾ?"

"ಮಾಡ್ತಿದೆ. ವಡೆ ಬೇರೆ ಖಾತೆ."

ಪದ್ಮ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವವಳು, ಸುಮ್ನಿರ್ತಾಳಾ? "ಎಲ್ಲಾ ನಾರೂ ಒಂದೇ ಅಲ್ಲ ಕಣೋ. ರಾತ್ರಿ ಮೆಂತ್ಯ ನೆನೆಹಾಕಿ ಬೆಳಗ್ಗೆ ಬೆರಳಾಡಿಸಿ ನೋಡು, ಕಾಳು ಜಾರುತ್ತೆ, ನೀರು ಲೋಳೆಲೋಳೆ. ಇಸಬ್‌ಗೋಲ್, ಓಟ್ಸ್ ಕೂಡ ಹಾಗೇ. ಆ ಲೋಳೆ ತಿಂದದ್ದನ್ನ ಹೊಟ್ಟೆಯಿಂದ ಬೇಗ ಕೆಳಗಿಳಿಯೋಕೆ ಬಿಡಲ್ಲ. ನಿನ್ನ ಪುಡಿ ಲೋಟದಲ್ಲಿ ಸಕ್ಕರೆ ಹಾಗೆ ಕರಗಿಹೋಯ್ತಲ್ಲ, ಇನ್ಯುಲಿನ್ ಅನ್ನೋ ನಾರು ಇರಬೇಕು. ಅದು ಹೊಟ್ಟೇಲಿ ನಿಲ್ಲಲ್ಲ, ನೇರ ದೊಡ್ಡ ಕರುಳಿಗೆ ಹೋಗುತ್ತೆ, ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಗ್ಯಾಸ್ ಬರೋದು ಅದಕ್ಕೇ."

"ಓಹೋ, ನಿನ್ನೆ ಕಾರಲ್ಲಿ ಎಲ್ಲರೂ ಕಿಟಕಿ ಇಳಿಸಿದ್ದು ಅದಕ್ಕೇನಾ!" ಮಂಜನಿಗೆ ವಡೆಯ ಸೇಡು ತೀರಿತು.

ಬ್ಯಾಕ್ಟೀರಿಯಾ ನಾರು ತಿಂದು ಹೊರಬಿಡುವ ಕೆಲವು ಆಮ್ಲಗಳು ಕರುಳನ್ನು ಕೆಣಕಿ ಜಿಎಲ್‌ಪಿ-1 ಅನ್ನುವ ಹಾರ್ಮೋನ್ ಹೊರಡಿಸುತ್ತವಂತೆ, ಅದು ಮಿದುಳಿಗೆ "ಸಾಕು" ಅನ್ನುತ್ತದಂತೆ. ಸೀನ ಕುಣಿದಾಡಿದ. "ಅಂದ್ರೆ ತೂಕ ಇಳಿಸೋ ಇಂಜೆಕ್ಷನ್ನೇ ನನ್ನ ಡಬ್ಬೀಲಿದೆ!"

"ಆ ಇಂಜೆಕ್ಷನ್ನಲ್ಲಿರೋ ಸೆಮಾಗ್ಲುಟೈಡ್ ಅನ್ನೋ ಔಷಧಿ ಈ ಹಾರ್ಮೋನಿನ ಥರಾನೇ ಕೆಲಸ ಮಾಡುತ್ತೆ, ಆದ್ರೆ ಒಂದು ವಾರ ಆದ್ರೂ ಮೈಯಲ್ಲಿ ಅರ್ಧ ಉಳಿದಿರುತ್ತೆ. ಕರುಳು ಬಿಡೋ ಜಿಎಲ್‌ಪಿ-1 ಎರಡು ನಿಮಿಷಕ್ಕೇ ಅರ್ಧ ಖಾಲಿ. ಕೂತ್ಕೋ." ಪದ್ಮ ಅಷ್ಟಕ್ಕೆ ಬಿಡಲಿಲ್ಲ. "ಗ್ರಾಂ ಎಣಿಸಿದ್ರೆ ಹೊಟ್ಟೆ ತುಂಬಲ್ಲ ಕಣೋ. 1977ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಪ್ರಯೋಗ ಮಾಡಿದ್ರು. ಕೆಲವರಿಗೆ ಸೇಬನ್ನ ಹಾಗೇ ಕೊಟ್ಟರು, ಅರೆದು ಕೊಟ್ಟರು, ಜ್ಯೂಸೂ ಕೊಟ್ಟರು. ಹಾಗೇ ತಿನ್ನೋಕೆ ಸುಮಾರು 17 ನಿಮಿಷ, ಜ್ಯೂಸಿಗೆ ಒಂದೂವರೆ. ಜಾಸ್ತಿ ಹೊಟ್ಟೆ ತುಂಬಿದ್ದು ಇಡೀ ಸೇಬಿಗೆ. ಅರೆದದ್ದರಲ್ಲೂ ನಾರು ಅಷ್ಟೇ ಇತ್ತು, ಆದ್ರೂ ಇಡೀ ಹಣ್ಣಿನಷ್ಟು ತುಂಬಿಸಲಿಲ್ಲ. ಅಗಿದು ತಿನ್ನಬೇಕು, ನಿಧಾನ ಆಗಬೇಕು."

ಮಂಜ ಮಂಡ್ಯದವನು, ಕೈ ಎತ್ತಿದ. "ತಾಳಿ ಮೇಡಂ. ಮುದ್ದೆ ಯಾರು ಅಗಿತಾರೆ? ಅಗಿದ್ರೆ ನಮ್ಮಜ್ಜಿ ಬೈತಾರೆ. ನುಂಗಿದ್ರೂ ಸಾಯಂಕಾಲದವರೆಗೆ ಹೊಟ್ಟೇಲಿ ನಿಲ್ಲುತ್ತಲ್ಲ, ಅದು ಹೇಗೆ?"

ಪದ್ಮ ಕಾಫಿ ಲೋಟ ಕೆಳಗಿಟ್ಟಳು. ಪಾಠದಲ್ಲಿ ಮುದ್ದೆ ಇಲ್ಲ ಅಂತ ಕಾಣುತ್ತೆ. ಸ್ವಲ್ಪ ಹೊತ್ತು ಬಿಟ್ಟು ಅಂದಳು: "ರಾಗೀನ ಸಿಪ್ಪೆ ಸಮೇತ ಬೀಸ್ತೀವಿ. 100 ಗ್ರಾಂ ರಾಗೀಲಿ ನಾರು 11 ಗ್ರಾಂ, ಬಿಳಿ ಅಕ್ಕೀಲಿ ಮೂರೂ ಇಲ್ಲ. ಹಿಟ್ಟು ನೀರು ಹೀರಿ ಗಾತ್ರ ಆಗಿರುತ್ತೆ, ಹೊಟ್ಟೆಯ ಗೋಡೆ ಹಿಗ್ಗುತ್ತೆ. ಜೊತೆಗೆ ಸೊಪ್ಪು, ಅವರೆಕಾಳು ಸಾರು. ಅದನ್ನ ಅಗೀತೀಯಲ್ಲ?"

"ಬಸ್ಸಾರಾದ್ರೆ ಅಗಿಯೋದೂ ಮರೆತುಹೋಗುತ್ತೆ ಬಿಡಿ," ಅಂದ ಮಂಜ.

ಇಷ್ಟು ಹೊತ್ತಿಗೆ ಸೀನ ನಾಳೆಯಿಂದ ಪುಡಿ ಎರಡು ಚಮಚ, ಇಸಬ್‌ಗೋಲ್ ಎರಡು ಚಮಚ, ಮೇಲೆ ಒಂದು ಮುದ್ದೆ ಅಂತ ತೀರ್ಮಾನ ಮಾಡಿಯಾಗಿತ್ತು. ಪದ್ಮ ಹಣೆ ಚಚ್ಚಿಕೊಂಡಳು. "ನಾರನ್ನ ಒಂದೇ ಸಲ ಏರಿಸಬೇಡ್ವೋ, ಹೊಟ್ಟೆ ಉಬ್ಬರಿಸುತ್ತೆ. ಸ್ವಲ್ಪ ಸ್ವಲ್ಪ ಜಾಸ್ತಿ ಮಾಡು. ಇಸಬ್‌ಗೋಲಿಗೆ ನೀರು ಸಾಲದೇ ಹೋದ್ರೆ ಗಂಟಲಲ್ಲೇ ಕಟ್ಟಿಕೊಳ್ಳುತ್ತೆ. ನೀರು ಚೆನ್ನಾಗಿ ಕುಡಿ."

ಸೀನ ಫೋನ್ ತೆಗೆದ. "ನೀರಲ್ಲಿ ಫೈಬರ್ ಎಷ್ಟು ಗ್ರಾಂ ಇರುತ್ತೆ?"