ಹಾಸಿಗೆ ಎಷ್ಟುದ್ದ?

"ಇನ್ನು ಮೇಲೆ ನಮ್ಮ ಪ್ರೋಗ್ರಾಮಿನ ಸ್ಕ್ರೀನ್‌ಗಳೆಲ್ಲ 132 ಕಾಲಂ, ಸಾಲಿಗೆ 132 ಅಕ್ಷರ!" ಸೀನು ಬಂದವನೇ ಸಾರಿದ. "80 ಕಾಲಂ ಯಾರಿಗೆ ಬೇಕು ಈಗ?"

"ಹಾಸಿಗೆ ಇದ್ದಷ್ಟು ಕಾಲು ಚಾಚಪ್ಪ," ಎಂದರು ರಾಯರು.

"ಉದ್ದವೇ ಇದೆ ರಾಯರೇ. ಮಾನಿಟರ್ ನೋಡಿ, ಮೇಜು ತುಂಬ ಇದೆ."

"ಮಾನಿಟರ್ ಕೋಣೆ ಕಣಯ್ಯ. ಹಾಸಿಗೆ ಅಂದ್ರೆ ಅದರೊಳಗಿನ 5250 ಸೆಷನ್, ಐಬಿಎಂ ಸರ್ವರಿಗೆ ಕನೆಕ್ಟ್ ಆಗೋ ಅಕ್ಷರಗಳ ಕಿಟಕಿ. ಅದನ್ನು 24 ಸಾಲು, 80 ಕಾಲಂಗೆ ಇಟ್ಟುಕೊಂಡವನ ಮುಂದೆ ಬರೀ 27 ಸಾಲು, 132 ಕಾಲಂನ ಡಿಸ್‌ಪ್ಲೇ ಫೈಲ್, ಅಂದ್ರೆ ಸ್ಕ್ರೀನಿನ ನಕ್ಷೆ, ತಂದಿಟ್ಟರೆ ಓಪನ್ ಆಗುವಾಗಲೇ ಮುಗ್ಗರಿಸುತ್ತೆ. ಕಾಲು ಚಾಚೋದಿರಲಿ, ಕೂರೋಕೂ ಜಾಗ ಇರಲ್ಲ."

"ಅದಕ್ಕೇ ಕೋಡ್ ಹಾಕಿದ್ದೀನಿ. ಡಿವೈಸ್ ಹೆಸರು ಡಬ್ಲ್ಯೂನಿಂದ ಶುರುವಾದ್ರೆ ಅಗಲ, ಇಲ್ಲದಿದ್ರೆ ಸಣ್ಣದು."

ಪದ್ಮಾ ಬಿದ್ದು ಬಿದ್ದು ನಕ್ಕಳು. "ಭೀಮಣ್ಣ ಅಂತ ಹೆಸರಿದ್ರೆ ಎಂಟಡಿ ಹಾಸಿಗೆ ಹಾಸ್ತೀಯೇನೋ? ವೇರ್‌ಹೌಸ್‌ನವರ ಸೆಷನ್‌ಗೆಲ್ಲ ಡಬ್ಲ್ಯೂ ಅಂತಲೇ ಹೆಸರು. ಅವರ ಕೈಯಲ್ಲಿರೋದು ಅಂಗೈಯಗಲದ ಸ್ಕ್ಯಾನರ್."

"ಹಾಗಾದ್ರೆ ಒಂದು ಟೇಬಲ್ ಮಾಡೋಣ. ಯಾವ ಯೂಸರ್‌ಗೆ ಯಾವ ಅಳತೆ ಅಂತ."

"ಅವನು ಎದ್ದು ಪಕ್ಕದ ಸೀಟಿಗೆ ಹೋಗಿ ಕೂತರೆ?"

ರಾಯರಿಗೆ ತಡೆಯಲಾಗಲಿಲ್ಲ. "ಹೆಸರು ಕೇಳ್ತೀರಿ, ಟೇಬಲ್ ಕೇಳ್ತೀರಿ, ಅಕ್ಕಪಕ್ಕದವರನ್ನೆಲ್ಲ ಕೇಳ್ತೀರಿ. ಎದುರಿಗೇ ಬಿದ್ದಿರೋ ಹಾಸಿಗೆಯನ್ನು ಮಾತ್ರ ‘ನೀನು ಎಷ್ಟುದ್ದ ಇದ್ದೀಯ’ ಅಂತ ಯಾರೂ ಕೇಳಲ್ಲ. ಕ್ಯೂಎಸ್‌ಎನ್-ಕ್ಯೂಆರ್‌ವೈ-ಮಾಡ್-ಸಪ್ ಅಂತ ಒಂದು ಎಪಿಐ ಇದೆ, ಪ್ರೋಗ್ರಾಮಿನಿಂದ ಸಿಸ್ಟಮ್ಮನ್ನೇ ಕೇಳೋ ದಾರಿ; ಹೆಸರು ಹೇಳೋಷ್ಟರಲ್ಲಿ ಉಸಿರು ಹೋಗುತ್ತೆ ನಿಜ. ಅದಕ್ಕೆ ‘4’ ಅಂತ ಕೊಟ್ಟು ಕೇಳು. 27ಕ್ಕೆ 132 ಆಗೋದಾದ್ರೆ ‘1’ ಅನ್ನುತ್ತೆ, ಇಲ್ಲದಿದ್ರೆ ‘0’. ಅದೂ ಬೇಡವಾ? ಸ್ಕ್ರೀನಿನ ನಕ್ಷೆ ಬರೆಯೋ ಡಿಡಿಎಸ್‌ನಲ್ಲಿ ಡಿಎಸ್‌ಪಿಸೈಜ್ ಅನ್ನೋ ಅಳತೆಯ ಪದಕ್ಕೆ ದೊಡ್ಡದನ್ನು ಮೊದಲು, ಚಿಕ್ಕದನ್ನು ಆಮೇಲೆ ಬರಿ. ದೊಡ್ಡದು ಹಿಡಿಸದಿದ್ರೆ ಸಿಸ್ಟಮ್ಮೇ ಚಿಕ್ಕದಕ್ಕೆ ಇಳಿಯುತ್ತೆ."

"ಆದ್ರೆ ಪ್ರತಿ ಫೀಲ್ಡ್‌ಗೂ ಎರಡು ಜಾಗ ಬರೀಬೇಕಲ್ವಾ?" ಸೀನು ಗೊಣಗಿದ.

"ಎಲ್ಲಕ್ಕೂ ಅಲ್ಲ, ಜಾಗ ಬದಲಾಗೋ ಫೀಲ್ಡ್‌ಗೆ ಬರೀಬೇಕು. ಆ ಸೋಮಾರಿತನಕ್ಕೇ ತಾನೇ ನೀನು ಡಬ್ಲ್ಯೂ ಹುಡುಕಿದ್ದು?"

"ಅಲ್ಲ, ಈ 80 ಎಲ್ಲಿಂದ ಗಂಟುಬಿತ್ತು?" ಪದ್ಮಾ ಕೇಳಿದಳು.

"ಪಂಚ್ ಕಾರ್ಡ್. 1928ರಲ್ಲಿ ಐಬಿಎಂನವರು ರಟ್ಟಿನ ಮೇಲೆ 80 ಕಾಲಂ ಮಾಡಿದ್ರು. 132 ಲೈನ್ ಪ್ರಿಂಟರಿನದು. ಕಾರ್ಡೂ ಇಲ್ಲ, ಆ ಪ್ರಿಂಟರೂ ಇಲ್ಲ, ಅಳತೆ ಮಾತ್ರ ಉಳೀತು."

"ಸರಿ, ಕೇಳಿದಾಗ ಸ್ಕ್ರೀನೇ ಸುಳ್ಳು ಹೇಳಿದ್ರೆ?"

"ಹೇಳುತ್ತಮ್ಮ, ದಿನಾ ಹೇಳುತ್ತೆ. ನಿನ್ನ ಪಿಸಿಯಲ್ಲಿ ಟರ್ಮಿನಲ್ ವೇಷ ಹಾಕೋ ಎಮ್ಯುಲೇಟರ್, ಟೆಲ್‌ನೆಟ್‌ನಲ್ಲಿ ಸರ್ವರಿಗೆ ಕನೆಕ್ಟ್ ಆಗೋವಾಗ ‘ನಾನು 3477-ಎಫ್‌ಸಿ’ ಅನ್ನುತ್ತೆ. ಚಿಕ್ಕದಾದ್ರೆ ‘3179-2’. ಎರಡೂ ಹಳೇ ಟರ್ಮಿನಲ್‌ಗಳು. ಹಾಜರಿ ಕರೆದಾಗ ಕ್ಲಾಸಿಗೆ ಬಾರದ ಗೆಳೆಯನ ಪರವಾಗಿ ‘ಎಸ್ ಸಾರ್’ ಅಂತಾರಲ್ಲ, ಹಾಗೆ."

"ನಿಜವಾದ 3477 ಎಲ್ಲಿದೆ ಈಗ?"

ರಾಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನನ್ನ ಮೇಜಿನ ಮೇಲೇ ಇತ್ತು. ಕೀಬೋರ್ಡ್ ತುಂಬ 24 ಫಂಕ್ಷನ್ ಕೀ, ಒತ್ತಿದ್ರೆ ಟಕ್ ಅಂತ ಶಬ್ದ. ಒಂದು ಶನಿವಾರ ಗುಜರಿಯವನು ಎತ್ತಿಕೊಂಡು ಹೋದ. ಸೋಮವಾರ ಬಂದು ನೋಡಿದ್ರೆ ಮೇಜಿನ ಮೇಲೆ ಧೂಳಿಲ್ಲದ ಚೌಕ ಮಾತ್ರ ಇತ್ತು."

ಸೀನು ಏನೂ ಹೇಳದೆ ಡಬ್ಲ್ಯೂ ಸಾಲು ಅಳಿಸಿ, ಎಪಿಐ ಹಾಕಿ, ಕಂಪೈಲ್ ಮಾಡಿ ಓಡಿಸಿದ.

"‘1’ ಅಂತ ಬಂತು ರಾಯರೇ."

"ಬಂತಾ? ಹಾಗಾದ್ರೆ ಹಾಜರ್ ಅಂತ ಬರ್ಕೋ."