ಹಡಗು ಸಾಲದ ಕರಾರಿನಲ್ಲಿ ‘ವಿತ್‌ಡ್ರಾವಲ್’: ಹಿಂಪಡೆಯುವುದೋ, ತೆಗೆಯುವುದೋ?

ಮಾನ್ಯರೆ,

ಹಡಗು ಕೊಳ್ಳಲು ಎತ್ತುತ್ತಿರುವ ಸಾಲವೊಂದಕ್ಕೆ ಜಾಮೀನು ನಿಲ್ಲಬೇಕಾಗಿರುವ ಮಲ್ಲೇಶ್ವರದ ಹಿರಿಯರೊಬ್ಬರಿಗಾಗಿ, ಇಂಗ್ಲೆಂಡಿನ ಕಾನೂನಿಗೆ ಒಳಪಟ್ಟ ಕರಾರುಪತ್ರವನ್ನು ನಾನು ಕನ್ನಡದಲ್ಲಿ ಬರೆದುಕೊಡುತ್ತಿದ್ದೇನೆ. ರುಜು ಹಾಕುವ ಮುನ್ನ ಪ್ರತಿಯೊಂದು ಷರತ್ತನ್ನೂ ತಾವೇ ಓದಿ ತಿಳಿಯಬೇಕೆಂಬುದು ಅವರ ಹಟ, ನ್ಯಾಯವಾದ ಹಟ. 30 ಪುಟ ಸಾಗಿದ ಕೆಲಸ ಖಾತೆಗಳ ಅಧ್ಯಾಯದಲ್ಲಿ ‘ವಿತ್‌ಡ್ರಾವಲ್’ ಎಂಬ ಪದದ ಮುಂದೆ ನಿಂತುಬಿಟ್ಟಿದೆ.

ಸಂದರ್ಭವನ್ನು ಹೇಳುತ್ತೇನೆ. ಇಂಥ ಸಾಲಗಳಲ್ಲಿ ಸಾಲಗಾರ ಸಾಮಾನ್ಯವಾಗಿ ಒಂದೇ ಹಡಗಿನ ಒಡೆತನಕ್ಕೆಂದು ಕಟ್ಟಿದ ಕಂಪನಿ. ಆ ಹಡಗು ದುಡಿದು ತರುವುದನ್ನು ಬಿಟ್ಟರೆ ಅದಕ್ಕೆ ಬೇರೆ ವರಮಾನವಿರುವುದಿಲ್ಲ. ಆದ್ದರಿಂದ ಹಡಗಿನ ಬಾಡಿಗೆ, ಸರಕು ಸಾಗಣೆಯ ಕೂಲಿ, ಗೊತ್ತಾದ ಅವಧಿಗಿಂತ ಹೆಚ್ಚು ಕಾಲ ಹಡಗನ್ನು ಬಂದರಿನಲ್ಲಿ ಕಾಯಿಸಿದವರು ತೆರುವ ಡೆಮರೇಜ್, ಅಪಾಯದಲ್ಲಿದ್ದ ಇನ್ನೊಂದು ಹಡಗನ್ನು ಪಾರುಮಾಡಿದ್ದಕ್ಕೆ ಸಿಗುವ ಸಂಭಾವನೆ, ಇವೆಲ್ಲವೂ ಬ್ಯಾಂಕು ಗೊತ್ತುಮಾಡಿದ ಒಂದೇ ಖಾತೆಗೆ ಬಂದು ಸೇರಬೇಕು. ಅಲ್ಲಿಂದ ತಿಂಗಳಿಗೊಮ್ಮೆ ಒಂದು ಪಾಲು ಎರಡನೆಯ ಖಾತೆಗೆ ಹೋಗುತ್ತದೆ: ಮೂರು ತಿಂಗಳಿಗೊಮ್ಮೆ ಕಟ್ಟುವ ಸಾಲವಾದರೆ, ಮುಂದಿನ ಕಂತಿನ ಮೂರನೆಯ ಒಂದು ಭಾಗ ಮತ್ತು ಅದೇ ಲೆಕ್ಕದಲ್ಲಿ ಬಡ್ಡಿ. ಈ ಎರಡನೆಯ ಖಾತೆಯ ಹಣವನ್ನು ಕಂತು ಮತ್ತು ಬಡ್ಡಿಗಲ್ಲದೆ ಬೇರೆ ಯಾವುದಕ್ಕೂ ಸಾಲಗಾರ ಮುಟ್ಟುವಂತಿಲ್ಲ. ಮೊದಲನೆಯದರಲ್ಲಿ ಉಳಿದದ್ದನ್ನು ನಾವಿಕರ ಸಂಬಳ, ವಿಮೆ, ಇಂಧನ, ದುರಸ್ತಿಗಳಿಗೆ ಬಳಸಬಹುದು. ಅದೂ ಕರಾರುಭಂಗವಾಗದೆ ಇರುವವರೆಗೆ. (ಸಹಕಾರ ಸಂಘಗಳ ‘ಸುಸ್ತಿ’ ಎಂಬ ಪದವನ್ನು ಇಲ್ಲಿ ನಾನು ಬಳಸಿಲ್ಲ. ಅದು ಕಂತು ಕಟ್ಟದಿರುವುದನ್ನಷ್ಟೇ ಹೇಳುತ್ತದೆ. ಇಲ್ಲಿ ವಿಮೆ ತಪ್ಪಿದರೂ ಭಂಗವೇ.)

ನಮ್ಮ ಪತ್ರಿಕೆಗಳು ಭವಿಷ್ಯನಿಧಿಯ ಹಣಕ್ಕೂ ನಾಮಪತ್ರಕ್ಕೂ ಮೊಕದ್ದಮೆಗೂ ‘ಹಿಂಪಡೆ’ ಎಂಬ ಒಂದೇ ಕ್ರಿಯಾಪದವನ್ನು ಬಳಸುತ್ತವೆ. ತಾನು ಕೊಟ್ಟದ್ದನ್ನು ತಾನೇ ಮರಳಿ ತೆಗೆದುಕೊಳ್ಳುವುದು ಅದರ ತಿರುಳು, ಹಾಗಾಗಿ ಭವಿಷ್ಯನಿಧಿಗೆ ಅದು ಸರಿಹೊಂದುತ್ತದೆ. ಆದರೆ ಹಡಗಿನ ಖಾತೆಗೆ ಹಣ ತುಂಬುವವರು ಬಾಡಿಗೆದಾರರು, ತೆಗೆಯುವವನು ಸಾಲಗಾರ, ಹಿಡಿತ ಬ್ಯಾಂಕಿನದು. ‘ಹಿಂ’ ಎಂಬುದಕ್ಕೆ ಇಲ್ಲಿ ಕೆಲಸವಿಲ್ಲ. ‘ಹಣ ಪಡೆಯುವುದು’ ಎಂದರೆ ಇನ್ನೊಂದು ತೊಡಕು: ಮಂಜೂರಾದ ಸಾಲವನ್ನು ಬ್ಯಾಂಕಿನಿಂದ ಪಡೆಯುವುದಕ್ಕೂ ಖಾತೆಯಲ್ಲಿರುವುದನ್ನು ಹೊರತೆಗೆಯುವುದಕ್ಕೂ ಒಂದೇ ಪದವಾಗಿ, ಎರಡು ಬೇರೆ ಅಧ್ಯಾಯಗಳು ಒಂದರಲ್ಲೊಂದು ಬೆರೆತುಹೋಗುತ್ತವೆ. ಮಾತಿನಲ್ಲಿ ನಾವೆಲ್ಲ ‘ದುಡ್ಡು ಡ್ರಾ ಮಾಡಿದೆ’ ಅಥವಾ ‘ದುಡ್ಡು ತೆಗೆದೆ’ ಎನ್ನುತ್ತೇವೆ. ನನ್ನ ಒಲವು ‘ತೆಗೆ’ಯ ಕಡೆಗಿದೆ. ‘ಖಾತೆ ತೆಗೆ’ ಎಂದರೆ ಖಾತೆ ಆರಂಭಿಸು ಎಂದಾಗುವುದರಿಂದ, ಎಲ್ಲ ಕಡೆಯೂ ‘ಖಾತೆಯಿಂದ ಹಣ ತೆಗೆ’ ಎಂದೇ ಪೂರ್ತಿಯಾಗಿ ಬರೆಯಬೇಕಾಗುತ್ತದೆ.

ಹಣ ತೆಗೆಯುವುದಕ್ಕಿರುವ ನಿರ್ಬಂಧವನ್ನು ‘ಮಿತಿ’ ಎನ್ನುವುದೂ ತಪ್ಪು ದಾರಿ ತೋರುತ್ತದೆ. ಮಿತಿ ಎಂದೊಡನೆ ಎಟಿಎಂನಲ್ಲಿ ದಿನಕ್ಕಿಷ್ಟು ಸಾವಿರ ಎಂಬಂಥ ಮೊತ್ತ ನೆನಪಾಗುತ್ತದೆ. ಕರಾರು ಕೇಳುವುದು ಎಷ್ಟು ಎಂದಲ್ಲ, ಯಾವುದಕ್ಕಾಗಿ ಮತ್ತು ಯಾವ ಸ್ಥಿತಿಯಲ್ಲಿ ಎಂದು. ಹಿರಿಯರಿಗೆ ಇದನ್ನು ತಿಳಿಸಲು ಬೆಂಗಳೂರಿನ ಫ್ಲ್ಯಾಟುಗಳ ಉದಾಹರಣೆ ನೆರವಾಯಿತು. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಂತೆ ಬಿಲ್ಡರು ಕೊಳ್ಳುವವರಿಂದ ಪಡೆದ ಹಣದ ಶೇ. 70ನ್ನು ಪ್ರತ್ಯೇಕ ಖಾತೆಯಲ್ಲಿಟ್ಟು, ಇಂಜಿನಿಯರ್, ವಾಸ್ತುಶಿಲ್ಪಿ ಮತ್ತು ಚಾರ್ಟರ್ಡ್ ಅಕೌಂಟೆಂಟ್ ದೃಢೀಕರಿಸಿದ ಮೇಲೆ, ಕೆಲಸ ಮುಗಿದ ಪ್ರಮಾಣಕ್ಕೆ ತಕ್ಕಂತೆ ಮಾತ್ರ ತೆಗೆಯಬೇಕು. ‘ಹಾಗಾದರೆ ಇದು ಮಿತಿಯಲ್ಲ, ಕಟ್ಟುಪಾಡು’ ಎಂದರು ಅವರು. ಆ ಪದ ನನಗೆ ಹಿಡಿಸಿದೆ. ‘ಮುಟ್ಟುಗೋಲು’ ಮಾತ್ರ ಬೇಡ. ಅದು ನ್ಯಾಯಾಲಯದ ಅಥವಾ ಸರ್ಕಾರದ ಕೈಯ ಮಾತು, ಇಲ್ಲಿರುವುದು ಇಬ್ಬರೂ ಒಪ್ಪಿಕೊಂಡ ತಡೆ.

ಪದ ಇಷ್ಟು ನಿಖರವಾಗಿರಬೇಕೆಂದು ನಾನು ಪಟ್ಟು ಹಿಡಿಯಲು ಕಾರಣ 2005ರಲ್ಲಿ, ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ನೀಡಿದ ಸ್ಪೆಕ್ಟ್ರಮ್ ಪ್ಲಸ್ ತೀರ್ಪು. ಕಂಪನಿಯೊಂದು ತನಗೆ ಬರಬೇಕಾದ ಬಾಕಿಗಳ ಮೇಲೆ ಬ್ಯಾಂಕಿಗೆ ಸ್ಥಿರವಾದ ಋಣಭಾರವನ್ನು (ಫಿಕ್ಸ್ಡ್ ಚಾರ್ಜ್, ಅಂದರೆ ಬ್ಯಾಂಕಿನ ಒಪ್ಪಿಗೆಯಿಲ್ಲದೆ ಆ ಸ್ವತ್ತನ್ನು ಮುಟ್ಟಲಾಗದಂಥ ಭಾರ) ಬರೆದುಕೊಟ್ಟಿತ್ತು. ವಸೂಲಾದ ಹಣವನ್ನು ಅದೇ ಬ್ಯಾಂಕಿನ ಖಾತೆಗೆ ಕಟ್ಟಬೇಕೆಂಬ ಷರತ್ತೂ ಇತ್ತು. ಆದರೆ ಆ ಖಾತೆಯಿಂದ ಕಂಪನಿ ತನಗೆ ಬೇಕಾದಂತೆ ಹಣ ತೆಗೆಯಬಹುದಾಗಿತ್ತು. ಪತ್ರದಲ್ಲಿ ಯಾವ ಹೆಸರಿದ್ದರೂ, ತೆಗೆಯುವ ಸ್ವಾತಂತ್ರ್ಯ ಇರುವಲ್ಲಿ ಭಾರ ಸ್ಥಿರವಾಗಿರಲಾರದು ಎಂದು ಲಾರ್ಡುಗಳು ತೀರ್ಮಾನಿಸಿ, ಇಂಥ ಭಾರವೂ ಸ್ಥಿರವೇ ಎಂಬ 1979ರ ಸೀಬ್ ಗೋರ್ಮನ್ ಪ್ರಕರಣದ ನಿಲುವನ್ನು ತಳ್ಳಿಹಾಕಿದರು. ಕಂಪನಿ ದಿವಾಳಿಯಾದಾಗ ಕೆಲಸಗಾರರ ಬಾಕಿ ಸಂಬಳದಂಥ ಆದ್ಯತೆಯ ಸಾಲಗಳಿಗಿಂತ ಬ್ಯಾಂಕು ಮುಂದೆ ನಿಲ್ಲುವುದೋ ಹಿಂದೆ ನಿಲ್ಲುವುದೋ ಎಂಬುದು ಭಾರ ಸ್ಥಿರವೋ ಅಲ್ಲವೋ ಎಂಬುದರ ಮೇಲೆ ನಿಂತಿದೆ. ಹೀಗಿರುವಾಗ, ಮೂಲದಲ್ಲಿ ಹಣ ತೆಗೆಯಲು ಬ್ಯಾಂಕಿನ ಒಪ್ಪಿಗೆ ಪ್ರತಿ ಸಲವೂ ಬೇಕೆಂದಿರುವ ಕಡೆ ನಾನು ‘ಷರತ್ತುಗಳಿಗೆ ಒಳಪಟ್ಟು ಹಿಂಪಡೆಯಬಹುದು’ ಎಂದು ಸಡಿಲವಾಗಿ ಬರೆದರೆ, ಓದಿದ ಜಾಮೀನುದಾರರಿಗೆ ಬೇರೆಯೇ ಕರಾರು ಕಾಣುತ್ತದೆ.

‘ಋಣಭಾರ’ ಎಂಬ ಪದವನ್ನು ನಾನು ನೋಂದಣಿ ಕಚೇರಿಯಿಂದ ತಂದೆ. ಮನೆ, ನಿವೇಶನ ಕೊಂಡವರೆಲ್ಲ ಋಣಭಾರ ಪತ್ರವನ್ನು ಬಲ್ಲರು. ಸ್ಥಿರದ ಎದುರಿಗೆ ‘ತೇಲುವ ಋಣಭಾರ’ (ಫ್ಲೋಟಿಂಗ್ ಚಾರ್ಜ್, ಅಂದರೆ ಕಂಪನಿ ಸ್ವತ್ತನ್ನು ಬಳಸುತ್ತಲೇ ಇರಬಹುದಾದ ಭಾರ) ಎಂದು ಬರೆದಿದ್ದೆ. ಹಡಗಿನ ಪತ್ರದಲ್ಲಿ ಅದು ತೇಲುವ ವಸ್ತುವಿನ ಮೇಲಿನ ಭಾರ ಎಂದು ಓದಿಸಿಕೊಂಡದ್ದನ್ನು ಕಂಡು, ‘ಚರ ಋಣಭಾರ’ ಎಂದು ತಿದ್ದಿದ್ದೇನೆ.

ಖಾತೆಗಳ ಹೆಸರಿನ ಬಗೆಗೂ ನಿಮ್ಮ ಅಭಿಪ್ರಾಯ ಬೇಕು. ಮೊದಲನೆಯದನ್ನು ‘ಆದಾಯ ಖಾತೆ’ ಎಂದರೆ ಖರ್ಚು ಕಳೆದು ಉಳಿದದ್ದು ಎಂಬ ತೆರಿಗೆಯ ಛಾಯೆ ಬರುತ್ತದೆ, ‘ಗಳಿಕೆ ಖಾತೆ’ ಎಂದರೆ ಸರ್ಕಾರಿ ನೌಕರರ ಗಳಿಕೆ ರಜೆ ನೆನಪಾಗುತ್ತದೆ. ಹಡಗೇ ದುಡಿದು ತಂದದ್ದೆಂಬ ಅರ್ಥದಲ್ಲಿ ‘ದುಡಿಮೆ ಖಾತೆ’ ಎಂದಿಟ್ಟುಕೊಂಡಿದ್ದೇನೆ. ಎರಡನೆಯದಕ್ಕೆ ‘ಕಂತಿನ ಮೀಸಲು ಖಾತೆ’. ಆದರೆ ಬ್ಯಾಂಕು ಸಾಲಗಾರನನ್ನು ಕೇಳದೆ ತಾನೇ ಆ ಖಾತೆಯಿಂದ ಕಂತನ್ನು ಮುರಿದುಕೊಳ್ಳುವುದನ್ನೂ ಮೂಲವು ‘ವಿತ್‌ಡ್ರಾವಲ್’ ಎಂದೇ ಕರೆದಿದೆ. ಸಾಲಗಾರ ‘ತೆಗೆಯುವುದಕ್ಕೂ’ ಬ್ಯಾಂಕು ‘ಮುರಿದುಕೊಳ್ಳುವುದಕ್ಕೂ’ ಸಲ್ಲುವ ಒಂದೇ ಕನ್ನಡ ಪದ ಇದೆಯೇ, ಅಥವಾ ಯಾರ ಕೈ ಎಂಬುದು ತಿಳಿಯುವಂತೆ ಎರಡು ಪದಗಳನ್ನೇ ಉಳಿಸಿಕೊಳ್ಳುವುದು ಲೇಸೇ? ಬ್ಯಾಂಕಿನ ಪತ್ರಗಳನ್ನು ಕನ್ನಡದಲ್ಲಿ ಬರೆದು ಅನುಭವವಿರುವವರು ದಯವಿಟ್ಟು ತಿಳಿಸಬೇಕು.